ಹಲಗೆ ಕಮಿಟಿಯ ಅಮ್ಮಣ್ಣಿ

ಅಮ್ಮಣ್ಣಿಯನ್ನು ನಾನು ಮೊದಲು ಕಂಡದ್ದು ನಮ್ಮ ಶಾಲೆಯ ಜಗಲಿಯ ಕಂಬದ ಹತ್ತಿರ. ೧೯೯೯ರ ಅಕ್ಟೋಬರ್ ತಿಂಗಳು. ಒಳಗೆ ಐದನೆಯ ತರಗತಿಯ ಕೋಣೆಯಲ್ಲಿ ಆರು ಜನ ಗಂಡಸರು ಮಕ್ಕಳ ಬೆಂಚಿನ ಮೇಲೆ ಕಾಲು ಮಡಚಿ ಕುಳಿತಿದ್ದರು. ಏಳನೆಯವರು ಇವರು. ಹೊಳೆಯಿಂದ ನೇರವಾಗಿ ಬಂದಿದ್ದರು. ಸೀರೆ ಮೊಣಕಾಲಿನವರೆಗೆ ಒದ್ದೆ, ಉಗುರಿನ ಸಂದಿಯಲ್ಲಿ ಕಪ್ಪು ಕೆಸರು. ಒಳಗೆ ಬನ್ನಿ ಎಂದೆ. ಇಲ್ಲೇ ಕೇಳುತ್ತದೆ ಎಂದರು. ಸಭೆ ಮುಗಿಯುವವರೆಗೂ ಕಂಬಕ್ಕೆ ಒರಗಿ ನಿಂತೇ ಇದ್ದರು. ಯಾರೂ ಅವರನ್ನು ಏನೂ ಕೇಳಲಿಲ್ಲ.

ನಾನು ಘಟ್ಟದ ಬುಡದ ಅಮಾಸೆಬೈಲಿನವನು. ಸಮುದ್ರದ ನೀರು ಹೊಳೆಯಲ್ಲಿ ಮೇಲಕ್ಕೆ ಹರಿದು ಬರುತ್ತದೆ ಎಂಬುದು ನನಗೆ ಗೊತ್ತಾದದ್ದು ಬಾರ್ಕೂರಿನ ಕೆಳಗೆ ಹೊಳೆಯ ನಡುಗಡ್ಡೆಯಾದ ಹೊಸಕುದ್ರುವಿಗೆ ಮೇಷ್ಟ್ರಾಗಿ ಬಂದಮೇಲೆ. ಮಳೆಗಾಲ ಮುಗಿದು ಸಿಹಿನೀರಿನ ಒತ್ತಡ ಇಳಿದ ಹಾಗೆ ಉಪ್ಪುನೀರು ಪ್ರತಿ ಭರತದ, ಎಂದರೆ ಉಬ್ಬರದ, ಜೊತೆ ಒಂದಿಷ್ಟು ಮೇಲೆ ಏರುತ್ತದೆ. ಅದನ್ನು ತಡೆಯಲು, ಉಡುಪಿ ಹೊಸ ಜಿಲ್ಲೆಯಾದ ವರ್ಷವೇ ಅಲ್ಲಿ ಹದಿನಾಲ್ಕು ಕಿಂಡಿಗಳ ಒಂದು ಅಣೆಕಟ್ಟು ಕಟ್ಟಿದ್ದರು. ಪ್ರತಿ ಕಿಂಡಿಗೆ ಎರಡು ಸಾಲು ಮರದ ಹಲಗೆ ಇಳಿಸಿ ನಡುವೆ ಮಣ್ಣು ತುಂಬಿದರೆ ಮೇಲಿನ ನೀರು ಸಿಹಿಯಾಗಿಯೇ ಉಳಿಯುತ್ತದೆ. ಸುಗ್ಗಿ ಎಂಬ ಎರಡನೆಯ ಭತ್ತದ ಬೆಳೆ ಮಾಡುವವರಿಗೆ ನವೆಂಬರ್ ಕೊನೆಗೇ ಹಲಗೆ ಬೀಳಬೇಕು. ಆದರೆ ಅಣೆಕಟ್ಟಿನ ಮೇಲ್ಬದಿಯ ಕೆಸರು ದಿಬ್ಬದಲ್ಲಿ ಮಳಿ ಬೆಳೆಯುತ್ತದೆ. ಮಳಿ ಎಂದರೆ ಕಪ್ಪೆಚಿಪ್ಪು. ಸುಕ್ಕ ಮಾಡಿ ತಿನ್ನಲು ಇಲ್ಲಿಯವರಿಗೆ ಅದಕ್ಕಿಂತ ರುಚಿಯಾದದ್ದು ಇಲ್ಲ. ಮಳೆ ಬಿಟ್ಟಮೇಲೆ ಅದರ ಮರಿ ಕೆಸರಿನಲ್ಲಿ ಕೂರುತ್ತದೆ, ಮಕರ ಸಂಕ್ರಾಂತಿಯ ಹೊತ್ತಿಗೆ ಕೈಗೆ ಸಿಗುವಷ್ಟು ದೊಡ್ಡದಾಗುತ್ತದೆ. ಅಷ್ಟರೊಳಗೆ ಹಲಗೆ ಬಿದ್ದು ನೀರು ನಿಂತು ಸಿಹಿಯಾದರೆ ಇದ್ದಲ್ಲೇ ಕೊಳೆಯುತ್ತದೆ. ದಿಬ್ಬವನ್ನು ನಂಬಿದ ಹೆಂಗಸರು ಸುಮಾರು ನಲವತ್ತು ಜನ ಇದ್ದರು. ಅಮ್ಮಣ್ಣಿ ಅವರಲ್ಲಿ ಒಬ್ಬರು.

ನಾನು ಬರುವ ಹಿಂದಿನ ವರ್ಷ ದೊಡ್ಡ ಗಲಾಟೆ ಆಗಿತ್ತು. ನೀರಾವರಿ ಇಲಾಖೆಯವರು ಯಾರಿಗೂ ಹೇಳದೆ ಹಲಗೆ ಹಾಕಿಸಿದರು, ಮಳಿ ಸತ್ತು ಇಡೀ ದಂಡೆ ನಾರಿತು. ಒಂದು ಬೆಳಗ್ಗೆ ನೋಡಿದರೆ ಒಂಬತ್ತು ಕಿಂಡಿಯ ಹಲಗೆಗಳು ಕಿತ್ತುಹೋಗಿದ್ದವು. ಮೀನುಗಾರರ ಕೆಲಸ ಎಂದು ಎಲ್ಲರಿಗೂ ಗೊತ್ತಿತ್ತು. ಉಪ್ಪುನೀರು ನುಗ್ಗಿ ಮೂವತ್ತು ಎಕರೆಯ ನೇಜಿ, ಸುಗ್ಗಿಯ ಎಳೆಯ ಪೈರು, ಸುಟ್ಟಹಾಗೆ ಕಪ್ಪಾಯಿತು. ಅಣೆಕಟ್ಟಿನ ಮೇಲೆಯೇ ಹೊಡೆದಾಟವಾಗಿ, ಕೂಲಿಗೆ ಹಲಗೆ ಹಾಕುತ್ತಿದ್ದ ಕೊರಗ ಪೂಜಾರಿಯ ಮುಂಗೈ ಮುರಿಯಿತು. ಮೀನುಗಾರರ ಮುಂದಾಳು ಪಾಂಡು ಎರಡು ದಿನ ಪೊಲೀಸ್ ಠಾಣೆಯಲ್ಲಿ ಕುಳಿತು ಬಂದ. ಆಮೇಲೆ ಜಿಲ್ಲೆಯ ಯಾರೋ ಅಧಿಕಾರಿ ಒಂದು ಸಲಹಾ ಸಮಿತಿ ಮಾಡಲು ಆದೇಶ ಹೊರಡಿಸಿದರು. ಬೇಸಾಯಗಾರರು ನಾಲ್ವರು, ಮೀನುಗಾರರು ಇಬ್ಬರು, ಒಬ್ಬ ಮಹಿಳೆ. ಅಧಿಕಾರವೇನೂ ಇಲ್ಲ, ಹಲಗೆ ಯಾವ ದಿನ ಹಾಕಬೇಕು, ಯಾವ ದಿನ ತೆಗೆಯಬೇಕು ಎಂದು ಇಲಾಖೆಗೆ ಸಲಹೆ ಕೊಡುವುದಷ್ಟೇ. ಊರಿನಲ್ಲಿ ಅದಕ್ಕೆ ಹಲಗೆ ಕಮಿಟಿ ಎಂದರು. ಅಕ್ಷರ ಚಂದ ಎಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಅಮ್ಮಣ್ಣಿಯ ಹೆಸರನ್ನು ಕೊಟ್ಟವನು ಪಾಂಡು. ಅವನಿಗೆ ಅವರು ಅತ್ತಿಗೆ, ಅಣ್ಣ ಗುಡ್ಡನ ಹೆಂಡತಿ. ತಾನು ಕೈ ಎತ್ತಿದ ಕಡೆ ಅತ್ತಿಗೆಯೂ ಎತ್ತುತ್ತಾರೆ ಎಂಬ ಧೈರ್ಯ ಅವನಿಗೆ. ಗುಡ್ಡ ಮಲ್ಪೆಯ ಬೋಟಿಗೆ ಹೋಗುತ್ತಿದ್ದವನು, ಬೆನ್ನು ಹೋಗಿ ಮನೆಯಲ್ಲಿ ಬಲೆ ನೇಯ್ದುಕೊಂಡಿದ್ದ. ಮನೆ ನಡೆಯುತ್ತಿದ್ದದ್ದು ಅಮ್ಮಣ್ಣಿಯ ಬುಟ್ಟಿಯಿಂದ. ಆಗ ಅವರಿಗೆ ನಲವತ್ತೆರಡು ವರ್ಷ.

ಮೊದಲ ಎರಡು ಸಭೆಗಳಲ್ಲಿ ಬರೆಯುವುದಕ್ಕೆ ನನಗೆ ಏನೂ ಸಿಗಲಿಲ್ಲ. ಬೇಸಾಯಗಾರರ ಪರವಾಗಿ ಮಾತಾಡುತ್ತಿದ್ದ ಪ್ರೇಮಾನಂದ ಶೆಟ್ಟರು ಒಂದು ಹೇಳಿದರೆ ಪಾಂಡು ಎರಡು ಹೇಳುತ್ತಿದ್ದ, ಕೊನೆಗೆ ಎದ್ದು ಹೋಗುತ್ತಿದ್ದ. ಮೂರನೆಯ ಸಭೆಯಲ್ಲಿ ಶೆಟ್ಟರು ಇನ್ನು ಮಾತು ಸಾಕು, ಕೈ ಎತ್ತಿ ತೀರ್ಮಾನ ಮಾಡುವ ಎಂದರು. ಬೇಗ ಹಲಗೆ ಹಾಕಬೇಕು ಎಂದು ನಾಲ್ಕು ಕೈ ಮೇಲೆ ಹೋದವು. ಇತ್ತ ಕಡೆ ಎರಡು. ಪಾಂಡು ಕಂಬದ ಕಡೆ ತಿರುಗಿ ನೋಡಿದ. ಅಮ್ಮಣ್ಣಿ ಕೈ ಎತ್ತಿರಲಿಲ್ಲ.

"ನಾಲ್ಕ್ ಜನ ಯಾವತ್ತೂ ನಾಲ್ಕೇ, ಮೂರ್ ಜನ ಯಾವತ್ತೂ ಮೂರೇ," ಎಂದರು ಅವರು. "ಅದ್ ಮೊದ್ಲೇ ಗೊತ್ತಿಪ್ಪುದ್ ಅಲ್ದಾ ಒಡೇರೆ? ಮತ್ತೆ ನಾವ್ ಕೆಲ್ಸ ಬಿಟ್ಕಂಡ್ ಇಲ್ಲಿಗ್ ಬಪ್ಪುದ್ ಎಂತಕ್ಕೆ?"

ಹಾಗಾದರೆ ಏನು ಮಾಡುವುದು, ನೀನೇ ಹೇಳು ಎಂದರು ಶೆಟ್ಟರು. ಅವರ ದನಿಯಲ್ಲಿ ನಗು ಇತ್ತು. ತನಗೆ ಗೊತ್ತಿಲ್ಲ ಎಂದು ಅಮ್ಮಣ್ಣಿ ಒಪ್ಪಿಕೊಂಡರು. ಆಮೇಲೆ ಕೇಳಿದರು:

"ನೀವ್ ಯಾವತ್ತಾರೂ ಮಳಿ ದಿಬ್ಬಕ್ಕ್ ಇಳ್ದಿರ್ಯಾ?"

ಶೆಟ್ಟರು ಇಳಿದಿರಲಿಲ್ಲ. ಉಪ್ಪು ಹೊಕ್ಕ ಗದ್ದೆಯನ್ನು ತಾನೂ ನೋಡಿಲ್ಲ ಎಂದರು ಅಮ್ಮಣ್ಣಿ. ಒಬ್ಬರ ಮುಖ ಒಬ್ಬರು ನೋಡದೆ ಎಲ್ಲರೂ, ಬರುವ ಭಾನುವಾರ ಇಳಿತದ ಹೊತ್ತಿಗೆ ಹೊಳೆಯ ದಂಡೆಯಲ್ಲಿ ಸೇರುವುದು ಎಂದು ಒಪ್ಪಿದರು. ಸಮಿತಿಯ ಪುಸ್ತಕದಲ್ಲಿ ನಾನು ಬರೆದ ಮೊದಲ ಒಮ್ಮತದ ತೀರ್ಮಾನ ಅದು. ಆಮೇಲೆ ಯಾರೂ ಕೈ ಎತ್ತಿಸಲಿಲ್ಲ, ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ ಎಂದಾಯಿತು.

ಆ ಭಾನುವಾರ ಶೆಟ್ಟರು ಪಂಚೆ ಎತ್ತಿ ಕಟ್ಟಿ ಕೆಸರಿಗೆ ಇಳಿದರು. ಮೊಣಕಾಲಿನವರೆಗೆ ಹೂತು ಕಾಲು ಕೀಳಲಾಗದೆ ನಿಂತಾಗ ಪಾಂಡುವೇ ಕೈ ಹಿಡಿದು ಎಳೆದ. ಅಮ್ಮಣ್ಣಿ ಬಗ್ಗಿ ಕೆಸರಿನಲ್ಲಿ ಕೈಯಾಡಿಸಿ ಒಂದು ಮುಷ್ಟಿ ತೆಗೆದು, ತೊಳೆದು, ಶೆಟ್ಟರ ಅಂಗೈ ಮೇಲೆ ಸುರಿದರು. ಕಿರುಬೆರಳಿನ ಉಗುರಿನಷ್ಟು ಚಿಕ್ಕ ಚಿಕ್ಕ ಮರಿಗಳು. ಎಲ್ಲಕ್ಕೂ ಜೀವ ಇತ್ತು. ಶೆಟ್ಟರು ಅದನ್ನು ಎಲ್ಲಿ ಹಾಕಬೇಕು ಎಂದು ತಿಳಿಯದೆ ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು.

ಅಲ್ಲಿಂದ ಗದ್ದೆಗೆ ಹೋದೆವು. ಗದ್ದೆಯ ಅಂಚಿನಲ್ಲಿ ಒಂದು ಕೂಲಿಯವರ ಮನೆ. ಬಿಸಿಲಿಗೆ ಎಲ್ಲರಿಗೂ ಬಾಯಾರಿತ್ತು. ಆ ಮನೆಯ ಹೆಂಗಸು ಬಾವಿಯಿಂದ ಸೇದಿ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಮೊದಲು ಕುಡಿದವನು ಪಾಂಡು. ಬಾಯಿಗೆ ಹಾಕಿದ್ದನ್ನು ಉಗುಳಲೂ ಆಗದೆ ನುಂಗಲೂ ಆಗದೆ ನಿಂತು, ಕೊನೆಗೆ ನುಂಗಿದ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದ. ಹೋದ ವರ್ಷ ಹಲಗೆ ಹೋಯಿತಲ್ಲ, ಆವತ್ತಿನಿಂದ ಎಂದಳು ಆ ಹೆಂಗಸು. ಅವಳಿಗೆ ಇವನು ಯಾರೆಂದು ಗೊತ್ತಿರಲಿಲ್ಲ. ಪಾಂಡು ಚೊಂಬನ್ನು ನಿಧಾನವಾಗಿ ಜಗಲಿಯ ಮೇಲೆ ಇಟ್ಟ.

ಅಷ್ಟಕ್ಕೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಅದಾದಮೇಲೂ ಜಗಳವಾಯಿತು. ಆದರೆ ಜಗಳವಾಡುತ್ತಲೇ ಒಂದೊಂದಾಗಿ ಕೆಲವು ಕ್ರಮಗಳು ಹುಟ್ಟಿಕೊಂಡವು. ಅವನ್ನು ಯಾರೂ ಕುಳಿತು ಬರೆದದ್ದಲ್ಲ. ಪ್ರತಿಯೊಂದರ ಹಿಂದೆಯೂ ಯಾರಿಗೋ ಆದ ನೋವು ಇತ್ತು.

ವಿಷಯ ಎತ್ತಿದ ದಿನವೇ ತೀರ್ಮಾನ ಮಾಡಬಾರದು, ಎಂಟು ದಿನ ಬಿಡಬೇಕು ಎಂಬುದು ಮೊದಲು ಬಂತು. ತಾನು ಮನೆಗೆ ಹೋಗಿ ನಲವತ್ತು ಹೆಂಗಸರಿಗೆ ಹೇಳಬೇಕು, ಅವರು ಹೇಳಿದ್ದನ್ನು ತರಬೇಕು, ಅವರನ್ನು ಕೇಳದೆ ತಲೆಯಾಡಿಸಿದರೆ ತನ್ನ ತಲೆಗೆ ಬೆಲೆಯಿಲ್ಲ ಎಂದು ಅಮ್ಮಣ್ಣಿ ಪಟ್ಟುಹಿಡಿದರು. ಸಭೆಯನ್ನು ಭರತದ ಹೊತ್ತಿಗೇ ಇಡಬೇಕು ಎಂಬುದೂ ಅವರದೇ. ನೀರು ಏರಿರುವಾಗ ಮಳಿ ಹೆಕ್ಕಲಾಗುವುದಿಲ್ಲ, ಆಗ ಬಂದರೆ ಕೆಲಸ ಕೆಡುವುದಿಲ್ಲ. ಹಾಗಾಗಿ ನಮ್ಮ ಸಭೆ ಒಮ್ಮೆ ಬೆಳಿಗ್ಗೆ ಎಂಟಕ್ಕೆ, ಒಮ್ಮೆ ಮಧ್ಯಾಹ್ನ ಎರಡಕ್ಕೆ. ಇಲಾಖೆಯ ಎಂಜಿನಿಯರಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ.

ಹಲಗೆಯ ಬಗ್ಗೆ ಇಷ್ಟು ಮಾತಾಡುವ ನಮ್ಮಲ್ಲಿ ಒಬ್ಬರೂ ಒಂದು ಹಲಗೆ ಇಳಿಸಿದವರಲ್ಲ, ಇಳಿಸುವವನನ್ನು ಕರೆಯಬಾರದೇ ಎಂದು ಅವರೇ ಒಮ್ಮೆ ಕೇಳಿದರು. ಕೊರಗ ಪೂಜಾರಿ ಬಂದ. ಸೊಟ್ಟಗೆ ಕೂಡಿಕೊಂಡ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತ. ಹದಿನಾಲ್ಕೂ ಕಿಂಡಿಯನ್ನು ಒಂದೇ ಸಲ ಮುಚ್ಚುವ ಅಗತ್ಯವಿಲ್ಲ, ಗದ್ದೆಯ ಬದಿಯ ಒಂಬತ್ತನ್ನು ಮೊದಲು ಮುಚ್ಚಿದರೆ ದಿಬ್ಬದ ಬದಿಗೆ ಇನ್ನೂ ಎರಡು ವಾರ ಉಪ್ಪುನೀರು ಆಡುತ್ತದೆ ಎಂದು ಅವನು ಹೇಳಿದ. ಅದುವರೆಗೆ ಅವನನ್ನು ಯಾರೂ ಕೇಳಿಯೇ ಇರಲಿಲ್ಲ; ಆಮೇಲೆ ಪ್ರತಿ ಸಭೆಗೂ ಕರೆದರು. ಆ ಎರಡು ವಾರದಲ್ಲಿ ಹೆಂಗಸರು ಮರಿ ಮಳಿಯನ್ನು ಬುಟ್ಟಿಯಲ್ಲಿ ತುಂಬಿ ಅಣೆಕಟ್ಟಿನ ಕೆಳಗಿನ ಕೆಸರಿಗೆ ಒಯ್ದು ಬಿತ್ತತೊಡಗಿದರು. ಮುಕ್ಕಾಲು ಪಾಲು ಬದುಕಿತು.

೨೦೦೧ರ ಒಂದು ಸಭೆಯಲ್ಲಿ ನಾಲ್ವರು ಬೇಸಾಯಗಾರರೂ ಸರದಿಯಂತೆ ಒಂದು ಗಂಟೆ ಮಾತಾಡಿದರು. ಅಮ್ಮಣ್ಣಿಯ ಪಾಳಿ ಬರುವಾಗ ಎಲ್ಲರೂ ಏಳುವ ಆತುರದಲ್ಲಿದ್ದರು. ಅವರು ತಮ್ಮ ವಿಷಯ ಬಿಟ್ಟು ಬೇರೆಯೇ ಹೇಳಿದರು.

"ಯಾರಿಗ್ ನಷ್ಟ ಆತ್ತೋ ಅವ್ರ್ ಮೊದ್ಲ್ ಮಾತಾಡ್ಲಿ. ಕಡಿಗ್ ಮಾತಾಡ್ರೆ ಅದ್ ಭಿಕ್ಷೆ ಬೇಡ್ದ ಹಾಂಗೆ ಆತ್ತ್."

ನಾನು ಅದನ್ನು ಹಾಗೆಯೇ ಬರೆದುಕೊಂಡೆ. ಮುಂದಿನ ಸಭೆಯಿಂದ ಅದೇ ಕ್ರಮವಾಯಿತು.

ಮರುವರ್ಷ ಶೆಟ್ಟರು ಒಂದು ತಪ್ಪು ಮಾಡಿದರು. ಎಲ್ಲರೂ ಒಪ್ಪಿದ ದಿನಾಂಕವನ್ನು, ಸಭೆ ಮುಗಿದಮೇಲೆ ಯಾರೋ ಮುಖಂಡರ ಮನೆಗೆ ಹೋಗಿ ಒಂದು ಫೋನಿನಿಂದ ಹತ್ತು ದಿನ ಮೊದಲಿಗೆ ಮಾಡಿಸಿದರು. ಹಲಗೆ ಬಿದ್ದಮೇಲೆಯೇ ನಮಗೆ ಗೊತ್ತಾದದ್ದು. ಪಾಂಡು ಕಮಿಟಿಯನ್ನೇ ಬಿಡುತ್ತೇನೆ ಎಂದ. ಅಮ್ಮಣ್ಣಿ ಅವನನ್ನು ಕರೆದುಕೊಂಡೇ ಬಂದರು. ಆವತ್ತು ಸಭೆಯಲ್ಲಿ ಯಾರೂ ಮಾತು ಎತ್ತಲಿಲ್ಲ. ಮುಂದಿನ ವಿಷಯ ಎಂದು ನಾನು ಓದಿದೆ, ಯಾರೂ ಉತ್ತರಿಸಲಿಲ್ಲ. ಗೋಡೆಯ ಮೇಲಿನ ಮಗ್ಗಿಯ ಪಟವನ್ನು ನೋಡುತ್ತ ಎಲ್ಲರೂ ಕುಳಿತಿದ್ದರು. ಹೀಗೆ ಅರ್ಧ ಗಂಟೆಯಾದರೂ ಹೋಗಿರಬೇಕು. ಕೊನೆಗೆ ಶೆಟ್ಟರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು.

"ತಪ್ಪಾಯ್ತ್," ಎಂದರು. "ಇನ್ ಹಾಂಗ್ ಮಾಡ್ತಿಲ್ಲೆ ಅಮ್ಮಣ್ಣಿ. ನೀವ್ ಮುಂದಿಂದ್ ಹೇಳಿ."

ಅಲ್ಲಿಯವರೆಗೆ ಅವರು ಅಮ್ಮಣ್ಣಿಗೆ ನೀನು ಎನ್ನುತ್ತಿದ್ದರು. ಆಮೇಲೆ ಯಾವತ್ತೂ ಅನ್ನಲಿಲ್ಲ. ಅಮ್ಮಣ್ಣಿಯ ಬಾಯಿಯ ಒಡೇರೆ ಯಾವಾಗ ಶೆಟ್ರೆ ಆಯಿತು ಎಂಬುದು ನನಗೆ ನೆನಪಿಲ್ಲ. ಕಂಬದ ಹತ್ತಿರ ನಿಲ್ಲುವುದನ್ನು ಬಿಟ್ಟು ಅವರು ಬೆಂಚಿನಲ್ಲಿ ಕೂತದ್ದೂ ಆ ಸುಮಾರಿಗೇ.

ಮುಂದಿನ ಐದಾರು ವರ್ಷ ಹಲಗೆ ಬಿತ್ತು, ಹಲಗೆ ಎದ್ದಿತು, ಯಾರ ಕೈಯೂ ಮುರಿಯಲಿಲ್ಲ. ಹೊರಗಿನವರಿಗೆ ಅದು ಸುಲಭದಲ್ಲಿ ನಡೆದಂತೆ ಕಂಡಿರಬಹುದು. ನಾನು ನೋಡಿದ್ದು ಅಮ್ಮಣ್ಣಿಯ ದಣಿವನ್ನು. ವರ್ಷಕ್ಕೆ ಎಂಟೊಂಬತ್ತು ಸಭೆ. ಪ್ರತಿ ಸಭೆಯ ಮಾತನ್ನೂ ಅವರು ಮನೆ ಮನೆಗೆ ಒಯ್ಯಬೇಕು. ಒಂದು ಮನೆಯಲ್ಲಿ ಕೇಳಿದ ಬೈಗುಳ ಮುಗಿಸಿ ಇನ್ನೊಂದು ಮನೆಯ ಮೆಟ್ಟಿಲು ಹತ್ತಬೇಕು. ಶೆಟ್ಟರ ಸರಿಸಮಕ್ಕೆ ಕೂತು ಚಾ ಕುಡಿಯುತ್ತಾಳಂತೆ ಎಂಬ ಮಾತು ಬಂತು. ಇತ್ತ ಸಭೆಯಲ್ಲಿ, ನಿಮ್ಮ ಹೆಂಗಸರಿಗೆ ಸರಿಯಾಗಿ ತಿಳಿಸಿ ಹೇಳಬಾರದೇ ಎಂದು ಬೇಸಾಯಗಾರರೂ ಅವರನ್ನೇ ಕೇಳುವುದು. ಎರಡೂ ಕಡೆಯಲ್ಲಿ ಇನ್ನೊಂದು ಕಡೆಯವರಾಗಿ ಬದುಕುವುದು ಎಷ್ಟು ಕಷ್ಟ ಎಂದು ನನಗೆ ಆಗ ಪೂರ್ತಿ ತಿಳಿದಿರಲಿಲ್ಲ. ಒಮ್ಮೆ ಸಭೆ ನಡೆಯುತ್ತಿರುವಾಗಲೇ ಅವರು ಬೆಂಚಿನ ಮೇಲೆ ಕೂತಲ್ಲೇ ನಿದ್ದೆಹೋದರು. ಶೆಟ್ಟರು ಬೆರಳು ತುಟಿಗೆ ಇಟ್ಟು ನಮಗೆಲ್ಲ ಸುಮ್ಮನಿರಲು ಹೇಳಿದರು. ಹತ್ತು ನಿಮಿಷ ಹಾಗೆಯೇ ಕುಳಿತಿದ್ದೆವು. ಎಚ್ಚರವಾದಮೇಲೆ ಅವರು ನಾಚಿಕೊಂಡು, ಎಲ್ಲಿಗೆ ಬಂದಿತ್ತು ಎಂದು ಕೇಳಿದರು. ಅಲ್ಲಿಂದಲೇ ಮುಂದುವರಿಸಿದೆವು.

ಹೆಂಗಸರಲ್ಲಿ ಅವರಿಗೆ ಹತ್ತಿರದವರು ಸರೋಜ. ಇಬ್ಬರೂ ಒಂದೇ ವರ್ಷ ಕುದ್ರುವಿಗೆ ಮದುವೆಯಾಗಿ ಬಂದವರು. ಇಪ್ಪತ್ತೈದು ವರ್ಷ ಒಂದೇ ದೋಣಿಯಲ್ಲಿ ದಿಬ್ಬಕ್ಕೆ ಹೋದವರು. ಒಬ್ಬರು ಬಿದಿರ ಜಲ್ಲೆ ಊರಿ ದೋಣಿ ನಡೆಸಿದರೆ ಇನ್ನೊಬ್ಬರು ಬುಟ್ಟಿ ಹಿಡಿಯುವವರು. ಅಮ್ಮಣ್ಣಿ ಸಭೆಯಲ್ಲಿದ್ದ ದಿನ ಅವರ ಮನೆಯ ಗಂಜಿಗೆ ಕೂಡ ಸರೋಜರೇ ಒಲೆ ಹಚ್ಚುತ್ತಿದ್ದರು.

೨೦೦೮ರಲ್ಲಿ ನಮ್ಮ ಹೊಳೆಯ ಮೇಲೆ ಮಳೆ ಬೇಗ ಬಿಟ್ಟಿತು. ಅಕ್ಟೋಬರ್ ಕೊನೆಗೇ ಉಪ್ಪುನೀರು ಏರತೊಡಗಿತು. ನವೆಂಬರ್ ಮೊದಲ ವಾರ ಕೂಲಿಯವರ ಕೇರಿಯ ಬಾವಿಗಳಿಗೆ ಉಪ್ಪು ಬಂತು. ಶೆಟ್ಟರು ತುರ್ತು ಸಭೆ ಕರೆದರು. ನಾಲ್ಕೈದು ದಿನದೊಳಗೆ ಹದಿನಾಲ್ಕೂ ಕಿಂಡಿ ಮುಚ್ಚಬೇಕು, ಇಲ್ಲದಿದ್ದರೆ ಗದ್ದೆಯ ಜೊತೆ ಕುಡಿಯುವ ನೀರೂ ಹೋಗುತ್ತದೆ ಎಂಬುದು ವಿಷಯ. ಎಂಟು ದಿನ ಕಾಯಲು ಸಮಯವಿರಲಿಲ್ಲ. ಒಂದು ದಿನ ಬಿಡುವ ಎಂದು ಎಲ್ಲರೂ ಒಪ್ಪಿದರು. ದಿಬ್ಬದಲ್ಲಿ ಮಳಿ ಇನ್ನೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು; ಸಾಗಿಸಿದರೂ ಹೆಚ್ಚು ಬದುಕುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಮರುದಿನ ಕ್ರಮದಂತೆ ಮೊದಲು ಮಾತಾಡಬೇಕಾದವರು ಅಮ್ಮಣ್ಣಿ. ಅವರ ಮುಖ ಊದಿಕೊಂಡಿತ್ತು. ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಸುತ್ತುತ್ತ ಕುಳಿತರು.

"ಹೆಂಗ್ಸ್ರ್ ಬ್ಯಾಡ ಅಂದಿದ್ರ್," ಎಂದರು. "ಒಬ್ಳೂ ಹೂಂ ಅನ್ಲಿಲ್ಲೆ."

ಹಾಗಾದರೆ ಆಯಿತು, ಬೇರೆ ದಾರಿ ನೋಡುವ ಎಂದು ಪಾಂಡು ಏಳಲು ಹೊರಟ. ಕೊರಗ ಪೂಜಾರಿ ಅವನನ್ನು ತಡೆದು, ಅಮ್ಮಣ್ಣಿಯ ಕಡೆ ತಿರುಗಿ ಮೆಲ್ಲಗೆ ಕೇಳಿದ:

"ನೀವ್ ಎಂತ ಹೇಳ್ತ್ರಿ?"

ಆ ಪ್ರಶ್ನೆಯನ್ನು ಅವನು ಕೇಳಬಾರದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಕೇಳದಿದ್ದರೆ ಅವರು ಮನೆಗೆ ಹೋಗಿ ನಿದ್ದೆ ಮಾಡಬಹುದಿತ್ತು. ಅಮ್ಮಣ್ಣಿ ನನ್ನ ಪುಸ್ತಕವನ್ನೇ ನೋಡುತ್ತಿದ್ದರು. ಹಿಂದಿನ ದಿನ ಅವರು ಕೂಲಿಯವರ ಕೇರಿಗೆ ಹೋಗಿ ನಾಲ್ಕೂ ಬಾವಿಯ ನೀರು ಕುಡಿದು ನೋಡಿ ಬಂದಿದ್ದರು ಎಂದು ಆಮೇಲೆ ಗೊತ್ತಾಯಿತು.

"ನನ್ನ್ ಕೇಂಡ್ರೆ, ಹಲಗಿ ಹಾಕಿ," ಎಂದರು. "ಆರೆ ಇದ್ ನಾನ್ ಹೇಳುದ್, ಅವ್ರ್ ಹೇಳುದಲ್ಲ. ಎರ್ಡೂ ಬೇರೆ ಬೇರೆ ಬರೀರಿ ಮಾಷ್ಟ್ರೆ."

ನಾನು ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದೆ. ಪಾಂಡು ತಲೆ ತಗ್ಗಿಸಿ ಕುಳಿತಿದ್ದ, ಆದರೆ ಎದ್ದು ಹೋಗಲಿಲ್ಲ. ಕೊನೆಗೆ, ತಾನೂ ಅದಕ್ಕೆ ಅಡ್ಡಬರುವುದಿಲ್ಲ ಎಂದ. ಶೆಟ್ಟರು, ಮಳಿ ಸಾಗಿಸಲು ತಮ್ಮ ಕಡೆಯ ಎಲ್ಲ ಮನೆಯಿಂದಲೂ ಆಳು ಬರುತ್ತಾರೆ, ತಾನೂ ಬರುತ್ತೇನೆ ಎಂದರು.

ಅವರು ಮಾತು ಉಳಿಸಿಕೊಂಡರು. ಮುಂದಿನ ಮೂರು ದಿನ ಇಳಿತದ ಹೊತ್ತಿಗೆ ದಿಬ್ಬದಲ್ಲಿ ನೂರಕ್ಕೂ ಹೆಚ್ಚು ಜನ ಇದ್ದರು. ಗದ್ದೆಯವರು ಸಿಮೆಂಟಿನ ಚೀಲ, ಬಾಲ್ದಿ, ಸೆಗಣಿ ಬುಟ್ಟಿ, ಸಿಕ್ಕಿದ್ದೆಲ್ಲ ಹಿಡಿದು ಬಂದಿದ್ದರು. ಕೆಸರನ್ನು ಹೇಗೆ ಕೆರೆಯಬೇಕು ಎಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಹೆಂಗಸರಲ್ಲಿ ಅರ್ಧಕ್ಕರ್ಧ ಬಂದರು, ಬಂದವರು ಅಮ್ಮಣ್ಣಿಯಿಂದ ದೂರ ನಿಂತು ಕೆರೆದರು. ಸರೋಜ ದಂಡೆಯಲ್ಲಿ ನಿಂತು ನೋಡಿ ವಾಪಸು ಹೋದರು. ನಾಲ್ಕನೆಯ ದಿನ ಹಲಗೆ ಬಿತ್ತು. ಸಾಗಿಸಿದ್ದರಲ್ಲಿ ಮೂರರಲ್ಲಿ ಒಂದು ಪಾಲು ಕೂಡ ಉಳಿಯಲಿಲ್ಲ. ಬಾವಿಗಳು ಉಳಿದವು, ಸುಗ್ಗಿ ಉಳಿಯಿತು. ದಿಬ್ಬದಿಂದ ಎದ್ದ ನಾತ ಹದಿನೈದು ದಿನ ಶಾಲೆಯವರೆಗೂ ಬರುತ್ತಿತ್ತು. ಮಕ್ಕಳು ಮೂಗು ಮುಚ್ಚಿಕೊಂಡು ಮಗ್ಗಿ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಅಮ್ಮಣ್ಣಿ ಎಂದಿನಂತೆ ಬುಟ್ಟಿ ಹಿಡಿದು ದೋಣಿಯ ಹತ್ತಿರ ಹೋದಾಗ ಸರೋಜ ಜಲ್ಲೆಯನ್ನು ಅಡ್ಡ ಹಿಡಿದರಂತೆ.

"ನಮ್ ಬಾಯಿಗ್ ಬಪ್ದನ್ನ್ ನೀನ್ ಅಲ್ಲಿ ಕೊಟ್ಟ್ ಬಂದಿ," ಎಂದರಂತೆ. "ನಿಂಗೆ ಬೇರೆ ದೋಣಿ ಸಿಕ್ಕತ್ತ್."

ಬೇರೆ ದೋಣಿ ಸಿಗಲಿಲ್ಲ. ಎರಡು ವರ್ಷ ಅಮ್ಮಣ್ಣಿ ದಂಡೆಯಲ್ಲೇ ನಡೆದು, ಅಣೆಕಟ್ಟಿನ ಕೆಳಗೆ ಕೈಗೆಟಕುವಷ್ಟು ದೂರದಲ್ಲಿ ಒಬ್ಬರೇ ಹೆಕ್ಕಿದರು. ಸಿಕ್ಕಿದ್ದನ್ನು ಬಸ್ಸಿನಲ್ಲಿ ಬ್ರಹ್ಮಾವರಕ್ಕೆ ಒಯ್ದು ಮಾರಿ ಬರುತ್ತಿದ್ದರು. ಊರಿನಲ್ಲಿ ಅವರ ಬುಟ್ಟಿಯ ಹತ್ತಿರ ಯಾರೂ ಬರುತ್ತಿರಲಿಲ್ಲ. ಹೀಗಿದ್ದೂ ಸಭೆಯಾದಮೇಲೆ ಮನೆ ಮನೆಗೆ ಹೋಗುವುದನ್ನು ಅವರು ನಿಲ್ಲಿಸಲಿಲ್ಲ. ಸರೋಜರ ಮನೆಯ ಬಾಗಿಲು ಮುಚ್ಚಿಕೊಂಡರೆ ಅಂಗಳದಲ್ಲೇ ನಿಂತು, ಇಂಥ ದಿನ ಇಂಥ ವಿಷಯ ಬಂತು, ಎಂಟು ದಿನದೊಳಗೆ ಹೇಳಬೇಕು ಎಂದು ಜೋರಾಗಿ ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದರು. ಇದೆಲ್ಲ ಯಾಕೆ, ಬಿಟ್ಟುಬಿಡಬಾರದೇ ಎಂದು ನಾನು ಒಮ್ಮೆ ಕೇಳಿದೆ. ಬಿಟ್ಟರೆ ಯಾರು ಹೇಳುತ್ತಾರೆ ಎಂದಷ್ಟೇ ಅಂದರು. ಆ ದಿನಗಳಲ್ಲಿ ಅವರ ಮಾತು ಬಹಳ ಕಡಿಮೆಯಾಗಿತ್ತು.

೨೦೧೦ರ ಮಳೆಗಾಲ ಮುಗಿದಮೇಲೆ ನಡೆದ ಮೊದಲ ಸಭೆಯಲ್ಲಿ, ಇನ್ನು ತನ್ನಿಂದಾಗದು, ತನ್ನನ್ನು ಬಿಡಿ ಎಂದರು. ಮೊಣಕಾಲು ನೀರು ತುಂಬಿ ಊದಿಕೊಂಡಿತ್ತು. ಆದರೆ ಸಮಿತಿಯಲ್ಲಿ ಎಲ್ಲರೂ ಒಪ್ಪದೆ ಏನೂ ಆಗುವಂತಿರಲಿಲ್ಲ, ಎಂಟು ದಿನವೂ ಕಾಯಬೇಕಿತ್ತು. ಎಂಟು ದಿನದ ಮೇಲೆ ಸೇರಿದಾಗ ಒಬ್ಬರೂ ಒಪ್ಪಲಿಲ್ಲ. ಪಾಂಡು ಬೇಡವೇ ಬೇಡ ಎಂದ. ಶೆಟ್ಟರಿಗೆ ಆಗ ಎಪ್ಪತ್ತು ದಾಟಿತ್ತು. ನೀವು ಹೋದರೆ ಮತ್ತೆ ಮೊದಲಿನ ಹಾಗೆಯೇ ಆಗುತ್ತದೆ ಎಂದು ಅವರು ನಿಜವಾಗಿ ಹೆದರಿ ಹೇಳಿದರು. ಅಮ್ಮಣ್ಣಿ ಆ ಮಾತಿಗೆ ಸಿಟ್ಟಾದರು. ಹನ್ನೊಂದು ವರ್ಷದಲ್ಲಿ ನಾನು ಅವರ ಸಿಟ್ಟು ನೋಡಿದ್ದು ಅದೊಂದೇ ಸಲ.

"ನಾನ್ ಇದ್ರೆ ಮಾತ್ರ ನಡೂದ್ ಅಂದ್ರೆ, ಇಷ್ಟ್ ವರ್ಷ ನಾವ್ ಮಾಡದ್ದ್ ಎಂತದ್ ಶೆಟ್ರೆ? ನಂಗೆ ಸಾಕಾಯ್ತ್. ನಂಗ್ ಮನಿಗ್ ಹೋಯ್ಕ್."

ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿತು. ಶೆಟ್ಟರು ಮೊದಲು ತಲೆಯಾಡಿಸಿದರು. ಆಮೇಲೆ ಎಲ್ಲರೂ. ಅವರ ಜಾಗಕ್ಕೆ ಯಾರು ಎಂಬುದನ್ನು ಕಮಿಟಿ ಹೇಳುವುದಲ್ಲ, ಹೆಂಗಸರೇ ಹೇಳಲಿ ಎಂದು ತೀರ್ಮಾನವಾಯಿತು. ಹೆಂಗಸರು ತಮ್ಮೊಳಗೆ ಸೇರಿ ಸರೋಜರ ಹೆಸರು ಕಳಿಸಿದರು. ಅಮ್ಮಣ್ಣಿಯ ಹಾಗೆ ಕೊಟ್ಟು ಬರುವವಳು ಬೇಡ ಎಂದೇ ಅವರನ್ನು ಆರಿಸಿದ್ದಂತೆ.

ಸರೋಜ ಮೊದಲ ಸಭೆಗೆ ಯುದ್ಧಕ್ಕೆ ಬಂದವರ ಹಾಗೆ ಬಂದರು. ಯಾರೂ ಏನೂ ಹೇಳುವ ಮೊದಲೇ ಎಲ್ಲರನ್ನೂ ಬೈದರು. ನಷ್ಟವಾಗುವವರು ಮೊದಲು ಮಾತಾಡುವುದು ಇಲ್ಲಿಯ ಕ್ರಮ, ನೀವು ಮಾತಾಡಿ ಎಂದರು ಶೆಟ್ಟರು, ಬೈಗುಳ ಮುಗಿದಮೇಲೆ. ಸರೋಜ ಮುಕ್ಕಾಲು ಗಂಟೆ ಮಾತಾಡಿದರು. ಯಾರೂ ಮಧ್ಯೆ ಬಾಯಿ ಹಾಕಲಿಲ್ಲ. ಹೊರಡುವಾಗ ಅವರು ಜಗಲಿಯಲ್ಲಿ ಸ್ವಲ್ಪ ಹೊತ್ತು ನಿಂತು, ಇಷ್ಟು ಹೊತ್ತು ಇವರು ದಿನಾ ಹೀಗೆಯೇ ಕೇಳುತ್ತಾರೋ ಎಂದು ನನ್ನನ್ನು ಕೇಳಿದರು. ಕೇಳುತ್ತಾರೆ, ಆದರೆ ಆಮೇಲೆ ಅವರದ್ದನ್ನೂ ಕೇಳಬೇಕಾಗುತ್ತದೆ ಎಂದೆ. ಅವರು ಮೆಟ್ಟಿಲಿಳಿದು ಹೋದರು.

ಆ ವರ್ಷ ತೀರ್ಮಾನಕ್ಕೆ ನಾಲ್ಕು ಸಭೆ ಹಿಡಿಯಿತು. ಮರುವರ್ಷ ಮೂರು. ದಿನಾಂಕ ಎರಡೂ ಸಲ ಎಲ್ಲರ ಒಪ್ಪಿಗೆಯಿಂದಲೇ ಹೋಯಿತು. ಸರೋಜ ಅಮ್ಮಣ್ಣಿಗಿಂತ ಗಟ್ಟಿ. ಗದ್ದೆಯ ಬದಿಯ ಕಿಂಡಿ ಮುಚ್ಚಿದಮೇಲೆ ಸಿಗುತ್ತಿದ್ದ ಎರಡು ವಾರವನ್ನು ಜಗ್ಗಿ ಮೂರು ವಾರ ಮಾಡಿಸಿಕೊಂಡರು.

೨೦೧೨ರಲ್ಲಿ ನನಗೆ ಬೈಂದೂರು ಕಡೆಗೆ ವರ್ಗವಾಯಿತು. ಹೊರಡುವ ಮೊದಲು ಅಮ್ಮಣ್ಣಿಯ ಮನೆಗೆ ಹೋದೆ. ಗುಡ್ಡ ಚಾವಡಿಯಲ್ಲಿ ಬಲೆ ಹರಡಿಕೊಂಡಿದ್ದ. ಅಮ್ಮಣ್ಣಿ ಗೋಡೆಗೆ ಒರಗಿ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕಾಲು ಚಾಚಿ ಕೂತಿದ್ದರು. ಕೂಕಣಿ ಮಾಷ್ಟ್ರೆ ಎಂದು ಮಣೆ ತೋರಿಸಿದರು. ಹೊಳೆಗೆ ಇಳಿಯದೆ ವರ್ಷವಾಯಿತು, ಈಗ ನಿದ್ದೆ ಬರುತ್ತದೆ ಎಂದರು.

ಅಷ್ಟರಲ್ಲಿ ಅಂಗಳದಲ್ಲಿ ಸರೋಜ ಬಂದು ನಿಂತರು. ನನ್ನನ್ನು ಕಂಡು ಹಿಂದೆ ಹೋಗಲು ನೋಡಿ, ಮತ್ತೆ ನಿಂತರು. ಜಲ್ಲೆ ಅಡ್ಡ ಹಿಡಿದಮೇಲಿನ ನಾಲ್ಕು ವರ್ಷದಲ್ಲಿ ಆ ಅಂಗಳಕ್ಕೆ ಅವರು ಎಷ್ಟನೆಯ ಸಲ ಬಂದದ್ದೋ ನನಗೆ ಗೊತ್ತಿಲ್ಲ. ಮುಖ ಬೇರೆ ಕಡೆ ಮಾಡಿಕೊಂಡೇ ಕೇಳಿದರು:

"ಇಲಾಖೆಯರ್ ಮರದ್ ಹಲಗಿ ತೆಗ್ದ್ ಕಬ್ಬಿಣದ್ದ್ ಹಾಕ್ತ್ರಂಬ್ರ್. ನಾಳೆ ಮೀಟಿಂಗ್. ನಾನ್ ಎಂತ ಹೇಳುದ್?"

"ನಂಗೆ ಗೊತ್ತಿಲ್ಲೆ ಹೆಣೆ," ಎಂದರು ಅಮ್ಮಣ್ಣಿ. "ಕೊರಗನ್ ಹತ್ರ ಕೇಣ್. ಹೆಂಗ್ಸ್ರ್ ಹತ್ರ ಕೇಣ್."

"ಕೇಂಡೆ. ಒಬ್ಬೊಬ್ರ್ ಒಂದೊಂದ್ ಹೇಳ್ತ್ರ್."

"ಹೇಳ್ತ್ರ್," ಎಂದರು ಅಮ್ಮಣ್ಣಿ.

ಸರೋಜ ಸ್ವಲ್ಪ ಹೊತ್ತು ನಿಂತಿದ್ದು, ಜಗಲಿಯ ಅಂಚಿನಲ್ಲಿ ಕುಳಿತರು. ಅವರ ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಅಮ್ಮಣ್ಣಿ ಎಣ್ಣೆಯ ಗಿಂಡಿಯನ್ನು ಬದಿಗೆ ಸರಿಸಿ ಕಣ್ಣು ಮುಚ್ಚಿದರು. ನನ್ನ ಬಸ್ಸಿಗೆ ಹೊತ್ತಾಗಿತ್ತು. ನಾನು ಗುಡ್ಡನಿಗೆ ಹೇಳಿ ಎದ್ದೆ.